ನಲವತ್ತೊಂದು ಸವತಿಯರು

ಜೂನ್ 3, ಮಂಗಳವಾರ

ಈ ನೋಟ್‌ಬುಕ್ಕನ್ನು ಮಗಳು ತಂದುಕೊಟ್ಟದ್ದು ಇವರ ಔಷಧಿ ಬರೆದಿಡಲಿಕ್ಕೆ. ಎಷ್ಟು ಹಾಲು ಕುಡಿದರು, ಯಾವ ಮಾತ್ರೆ ಎಷ್ಟು ಗಂಟೆಗೆ, ಎಲ್ಲವನ್ನೂ ಮುಂದಿನಿಂದ ಬರೆಯುತ್ತೇನೆ. ಇದು ಹಿಂದಿನಿಂದ. ಹಿಂದಿನ ಪುಟ ಡಾಕ್ಟರು ಓದುವುದಿಲ್ಲ.

ಬರೆಯಲು ಕಾರಣವಿದೆ. ನನಗೆ ಬೈಯಬಾರದೆಂದು ಆಜ್ಞೆಯಾಗಿದೆ. ಇವರನ್ನು ಆಸ್ಪತ್ರೆಯಿಂದ ಕರೆತಂದ ದಿನವೇ ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಮ್ಮ, ಇನ್ಮೇಲೆ ಅಪ್ಪನ ಮೇಲೆ ರೇಗಬಾರ್ದು. ಬಿಪಿ ಏರುತ್ತೆ. ಒಂದು ಗಟ್ಟಿ ಮಾತೂ ಬೇಡ."

"ಮತ್ತೆ ಏನು ಮಾತಾಡ್ಲಿ?"

"ಒಳ್ಳೆ ಮಾತು."

ಐವತ್ತೊಂದು ವರ್ಷದ ಸಂಸಾರದಲ್ಲಿ ನನಗೆ ಆ ಅಭ್ಯಾಸವಾಗಿಲ್ಲ. ಆದ್ದರಿಂದ ಬಾಯಿಗೆ ಬೀಗ. ಮನೆಯಲ್ಲಿ ಇರುವುದು ಇಬ್ಬರು. ಒಬ್ಬರಿಗೆ ಮಾತು ಹೋಗಿದೆ, ಒಬ್ಬಳಿಗೆ ಮಾತು ಬೇಡ ಎಂದಿದ್ದಾರೆ. ಗಡಿಯಾರ ಇಷ್ಟು ಗಟ್ಟಿಯಾಗಿ ಸದ್ದು ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಸಣ್ಣ ಸುತ್ತಿಗೆಯಿಂದ ಇವರ ಮೊಣಕಾಲು ಬಡಿದು ನೋಡಿದರು. ಇವರು ಪಿಂಗಾಣಿ ಪಾತ್ರೆಯನ್ನು ಉಗುರಿನಿಂದ ಬಡಿದು, ಕಿವಿ ಹತ್ತಿರ ಹಿಡಿದು, ಒಡಕಿದೆಯೋ ಇಲ್ಲವೋ ಹೇಳುತ್ತಿದ್ದರಲ್ಲ, ಥೇಟ್ ಹಾಗೆಯೇ. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ ಎಂದರು. ಎಡಗೈಯಲ್ಲಿ ಬರೆಯಲಿ ಎಂದು ಪೆನ್ಸಿಲ್ ಕೊಟ್ಟೆವು. ಬರೀ ಗೀಟು. ತಲೆಯಲ್ಲಿ ಮಾತು ಇರುವ ಜಾಗದಲ್ಲೇ ಅಕ್ಷರವೂ ಇರುತ್ತದಂತೆ. ಒಂದೇ ಕೋಣೆ, ಒಂದೇ ಬಾಗಿಲು.

ಮಂಚ ಹಾಕಿರುವುದು ಗಾಜಿನ ಬೀರುವಿನ ಎದುರಿಗೆ. ಅದು ಇವರದೇ ಆಸೆ. ಕೈ ತೋರಿಸಿ ತೋರಿಸಿ ಅಲ್ಲಿಗೇ ಎಳೆಸಿಕೊಂಡರು. ಬೀರುವಿನ ಒಳಗೆ ಇವರ ಜರ್ಮನಿ ಪಿಂಗಾಣಿ. ಎಲ್ಲ ನೂರು ವರ್ಷದ ಹಳೆಯ ಮಾಲು, ಬುಡದಲ್ಲಿ ನೀಲಿ ಮುದ್ರೆ. ಅದೂ ಬಡಿಸುವ ಪಾತ್ರೆಗಳು ಮಾತ್ರ. ಮುಚ್ಚಳವಿರುವ ಸೂಪಿನ ಪಾತ್ರೆ, ಉದ್ದ ತಟ್ಟೆ, ಮೂತಿಯ ಬಟ್ಟಲು. ಉಣ್ಣುವ ತಟ್ಟೆ ಒಂದೂ ಇಲ್ಲ. ಸ್ಟೇಷನ್ ಹತ್ತಿರದ ದೊಡ್ಡ ಹೋಟೆಲಿನಲ್ಲಿ ಬಿಳಿ ಕೋಟು ಹಾಕಿ ಮೂವತ್ತಾರು ವರ್ಷ ಬಡಿಸಿದವರು, ಮನೆಗೆ ಬಂದರೂ ಆ ಪಾತ್ರೆಯ ಹುಚ್ಚು ಬಿಡಲಿಲ್ಲ. ನಾನು ಅವನ್ನು ಸವತಿಯರು ಎನ್ನುತ್ತೇನೆ. ನಲವತ್ತೊಂದು ಜನ. ಬೀರುವಿನ ಒಳಗಿರುವ ಒಂದನ್ನೂ ಮುಟ್ಟಿದವಳಲ್ಲ. "ನಿಮ್ಮ ಸವತಿಯರನ್ನ ನೀವೇ ಒರೆಸ್ಕೊಳ್ಳಿ" ಎಂದಿದ್ದೆ. ಪ್ರತಿ ಭಾನುವಾರ ಒಣ ಬಟ್ಟೆಯಲ್ಲಿ ತಾವೇ ಒರೆಸಿಕೊಳ್ಳುತ್ತಿದ್ದರು.

ಜೂನ್ 5, ಗುರುವಾರ

ಇವರಿಗೆ ಏನೋ ಒಂದು ಹೇಳಬೇಕಾಗಿದೆ. ಬೆಳಿಗ್ಗೆಯಿಂದ ಅದೇ.

ಎಡಗೈಯಲ್ಲಿ ಬೀರು ತೋರಿಸಿದರು. ಕೈಗೆ ಸಿಕ್ಕಿದ ಎಲೆಯಾಕಾರದ ತಟ್ಟೆ ತಂದುಕೊಟ್ಟೆ. ತೊಡೆಯ ಮೇಲೆ ಬೋರಲು ಹಾಕಿಕೊಂಡರು. ಬುಡವನ್ನು ಎರಡು ಸಲ ತಟ್ಟಿದರು. ಆಮೇಲೆ ನನ್ನ ಕೈಯನ್ನು ಎರಡು ಸಲ ತಟ್ಟಿದರು. ಮತ್ತೆ ಬುಡ, ಮತ್ತೆ ನನ್ನ ಕೈ. ನನ್ನ ಮುಖವನ್ನೇ ನೋಡುತ್ತಿದ್ದರು.

"ಏನ್ ಬೇಕ್ರೀ?" ಎಂದೆ. ಮೆತ್ತಗೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ತಲೆ ಅಲ್ಲಾಡಿಸಿದರು. ಅದನ್ನು ನೆಚ್ಚುವ ಹಾಗಿಲ್ಲ. ಹಾಲು ಬೇಕಾ ಎಂದರೂ ಬೇಡವೆಂದು ಆಡಿಸುತ್ತಾರೆ, ಕೊಟ್ಟರೆ ಕುಡಿಯುತ್ತಾರೆ.

ಕೈಕಾಲು ಆಡಿಸಲು ಬರುವ ವ್ಯಾಯಾಮದ ಹುಡುಗಿ ನೋಡಿದಳು. "ಅಜ್ಜಿ, ಏನೋ ಮುಖ್ಯವಾದದ್ದು ಹೇಳ್ತಿದ್ದಾರೆ. ನಿಮಗೇ ಅರ್ಥ ಆಗ್ಬೇಕು, ನಮಗಾಗಲ್ಲ" ಎಂದಳು. ಅದೇನು ಎಂದು ತಿಳಿಯುವವರೆಗೆ ಇವರಿಗೂ ಸಮಾಧಾನವಿಲ್ಲ, ನನಗೂ ಇಲ್ಲ.

ಆ ಎಲೆ ತಟ್ಟೆ ಬಂದ ದಿನ ನನಗೆ ನೆನಪಿದೆ. "ಎಲೆ ಬೇಕಿದ್ರೆ ಬೀದಿ ಮರದಲ್ಲಿ ಇರಲಿಲ್ವ? ಅದಕ್ಕೂ ಜರ್ಮನಿಗೆ ಹೋಗ್ಬೇಕಾ?" ಎಂದಿದ್ದೆ. ಈಗ ಹೇಳುವ ಹಾಗಿಲ್ಲ. ಇಲ್ಲಿ ಬರೆದೆ.

ಜೂನ್ 7, ಶನಿವಾರ

ಹೊಳೆಯಿತು. ಬುಡ ತಟ್ಟಿ ನನ್ನ ಕೈ ತಟ್ಟಿದರೆ ಇನ್ನೇನು? ತೊಳಿ ಎಂದು. ತಿಂಗಳಾಯಿತು, ಒರೆಸುವವರು ಹಾಸಿಗೆ ಹಿಡಿದಿದ್ದಾರೆ, ಸವತಿಯರ ಮೇಲೆ ಧೂಳು ಕೂತಿದೆ. ಐವತ್ತೊಂದು ವರ್ಷದಲ್ಲಿ ಈ ಮನೆಯಲ್ಲಿ ನನ್ನ ಕೈ ಮುಟ್ಟಿದವರೆಲ್ಲ ಒಂದು ಕೆಲಸ ಹೇಳಲಿಕ್ಕೇ ಮುಟ್ಟಿದ್ದು. ಅಷ್ಟೂ ತಿಳಿಯದೆ ಎರಡು ದಿನ ತಲೆ ಕೆಡಿಸಿಕೊಂಡೆ.

ಇವರು ಮಲಗಿದ್ದಾಗ ಶುರು ಮಾಡಿದೆ. ದೊಡ್ಡ ಟಬ್ಬಿನಲ್ಲಿ ಬಿಸಿನೀರು, ಸೋಪಿನ ಪುಡಿ. ಮಾಡಿದ ಮೇಲೆ ಸರಿಯಾಗಿ ಮಾಡಬೇಕು, ಒಣ ಬಟ್ಟೆಯಲ್ಲಿ ನೇವರಿಸುವುದು ಗಂಡಸರ ಕೆಲಸ. ಅಷ್ಟನ್ನೂ ಸರದಿಯಂತೆ ನೆನೆಹಾಕಿದೆ. ಹಬೆಗೆ ಮಸುಕಾಗುತ್ತದೆಂದು ಕನ್ನಡಕ ತೆಗೆದಿಟ್ಟಿದ್ದೆ. ಬುಡಗಳಲ್ಲಿ ಕಂದು ಕಾಗದದ ಚೀಟಿಗಳು ಅಂಟಿದ್ದವು. ಅಂಗಡಿಯವನ ಚೀಟಿ, ಇಷ್ಟು ವರ್ಷ ಕೀಳಲೂ ಸೋಮಾರಿತನ. ನೆನೆದು ತಾವೇ ಬಿಟ್ಟುಕೊಂಡವು. ಬಿಡದ್ದನ್ನು ತೆಂಗಿನ ನಾರಿನಿಂದ ಉಜ್ಜಿದೆ. ನೀರು ನೀಲಿಯಾಯಿತು. ಅಬ್ಬ, ಎಷ್ಟು ಕೊಳೆ. ಮುದ್ದೆಯಾದ ಕಾಗದವನ್ನೆಲ್ಲ ಹಿಂಡಿ ಕಸದ ಬುಟ್ಟಿಗೆ ಹಾಕಿದೆ.

ನಲವತ್ತು ತೊಳೆದು ಬೀರುವಿಗೆ ಜೋಡಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಆದರೆ ಬಿಸಿಲು ಬಿದ್ದಾಗ ಹೇಗೆ ಹೊಳೆಯುತ್ತಿದ್ದವು ಎಂದರೆ, ನನಗೇ ಒಂದು ಗಳಿಗೆ ಅಸೂಯೆಯಾಯಿತು.

ಜೂನ್ 8, ಭಾನುವಾರ

ಬೆಳಿಗ್ಗೆ ಎಲೆ ತಟ್ಟೆಯನ್ನು ಇವರ ಕೈಗಿಟ್ಟೆ. ಬೋರಲು ಹಾಕಿದರು. ಬುಡವನ್ನು ಹೆಬ್ಬೆರಳಿನಿಂದ ಸವರಿದರು. ಇನ್ನೊಂದು ತಾ ಎಂದು ತೋರಿಸಿದರು. ತಂದೆ. ಇನ್ನೊಂದು. ಐದಾರು ಆದವು. ಆಮೇಲೆ ಅತ್ತರು.

ಮದುವೆಯಾದಾಗಿನಿಂದ ನನ್ನ ಕೆಲಸಕ್ಕೆ ಒಂದು ಮೆಚ್ಚುಗೆ ಇಲ್ಲ. ಇವತ್ತು ಕಣ್ಣಲ್ಲಿ ನೀರು ಹಾಕಿಕೊಂಡು ಮೆಚ್ಚಿದ್ದಾರೆ. ನಾನೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿದ್ದೆ.

ಜೂನ್ 14, ಶನಿವಾರ

ಬೀರು ತೋರಿಸುವುದನ್ನು ನಿಲ್ಲಿಸಿದ್ದಾರೆ. ಮುಖ ಗೋಡೆಯ ಕಡೆಗೆ. ಸೂಪು ಮೂರು ಚಮಚ, ಬ್ರೆಡ್ ಇಲ್ಲ. ಹೇಳಬೇಕಾದದ್ದು ಹೇಳಿಯಾಯಿತಲ್ಲ, ಸಮಾಧಾನವಾಗಿರಬೇಕು ಎಂದುಕೊಂಡೆ. ಸಮಾಧಾನವಾದವರು ಉಣ್ಣಬೇಕಿತ್ತು.

ವ್ಯಾಯಾಮದ ಹುಡುಗಿ ಹೊಸದೊಂದು ಕಲಿಸುತ್ತಿದ್ದಾಳೆ. ಹೌದಾದರೆ ಎರಡು ಸಲ ತಟ್ಟಬೇಕು, ಅಲ್ಲವಾದರೆ ಒಂದು ಸಲ. "ಅಜ್ಜ, ಇವರು ನಿಮ್ಮ ಹೆಂಡತಿನಾ?" ಎಂದು ಕೇಳಿದಳು. ಬಹಳ ಹೊತ್ತು ಯೋಚನೆ ಮಾಡಿ ಎರಡು ಸಲ ತಟ್ಟಿದರು. ಇಷ್ಟು ಯೋಚನೆ ಯಾಕೆ ಬೇಕಿತ್ತೋ.

ಜೂನ್ 19, ಗುರುವಾರ

ಇದನ್ನು ಬರೆಯದೆ ಇರಬಹುದಾಗಿತ್ತು.

ಹಳೆ ಸಾಮಾನಿನ ಅಂಗಡಿಯವನು ಇವರನ್ನು ನೋಡಲು ಬಂದ. ನಲವತ್ತು ವರ್ಷದ ಸ್ನೇಹ. ಸವತಿಯರೆಲ್ಲ ಅವನ ಅಂಗಡಿಯಿಂದಲೇ ದಿಬ್ಬಣ ಬಂದವರು. ನಾನು ಅವನಿಗೆ ಇಟ್ಟ ಹೆಸರು ಧೂಳಪ್ಪ. ಇವರಿಗೆ ನಿದ್ದೆ ಹತ್ತಿತ್ತು. ಕಾದು ಕೂತವನು ಬೀರು ತೆಗೆದು ಒಂದು ಬಟ್ಟಲನ್ನು ಬೋರಲು ಮಾಡಿದ. ಆ ಕಸುಬಿನವರಿಗೆ ಪಾತ್ರೆಯ ಮುಖ ಇರುವುದೇ ಬುಡದಲ್ಲಿ.

"ಅಮ್ಮ, ಚೀಟಿ ಎಲ್ಲಿ?"

"ಯಾವ ಚೀಟಿ?"

"ಬೈಗುಳದ ಚೀಟಿ."

ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. ಮತ್ತೆ ನಾಲ್ಕು ಪಾತ್ರೆ ತಿರುಗಿಸಿ ನೋಡಿ ಕೂತುಬಿಟ್ಟ. ಆಮೇಲೆ ಹೇಳಿದ.

"ಒಂದು ಪಾತ್ರೆ ತಗೊಂಡು ಹೋದ್ರೆ ಮಾರನೇ ದಿನ ತಪ್ಪದೆ ಅಂಗಡಿಗೆ ಬರೋರು. ನೀವೇನಂದ್ರಿ ಅಂತ ನಿಮ್ಮ ದನಿಯಲ್ಲೇ ಹೇಳೋರು. ಕೈ ಸೊಂಟದ ಮೇಲೆ ಇಟ್ಕೊಂಡು. ಟೀ ತಂದವನು ಲೋಟ ಇಡೋದು ಮರೆತು ನಗೋನು. ಆಮೇಲೆ ನನ್ನ ಹತ್ರ ಕಂದು ಕಾಗದ ಹರಿಸ್ಕೊಂಡು, ನಿಮ್ಮ ಮಾತನ್ನ ಅಕ್ಷರ ಬಿಡದೆ ಬರ್ಕೊಂಡು ಹೋಗೋರು. ಬುಡಕ್ಕೆ ಅಂಟಿಸೋಕೆ."

"ನನ್ನನ್ನ ಆಡಿಕೊಳ್ಳೋಕಾ?"

"ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಒಂದ್ಸಲ ಕೇಳೇಬಿಟ್ಟೆ, ಇಷ್ಟು ಬೈಸ್ಕೊಂಡು ಯಾಕೆ ಒಯ್ತೀರಿ ಅಂತ. 'ಮೂವತ್ತಾರು ವರ್ಷ ಬಡಿಸಿದ್ದೀನಿ. ಉಣ್ಣೋರು ಪಾತ್ರೆ ನೋಡ್ತಾರೆ, ನನ್ನ ಮುಖ ಯಾರೂ ನೋಡಲ್ಲ. ಇವಳೊಬ್ಬಳು ಮುಖ ನೋಡಿ ಬೈತಾಳೆ' ಅಂದ್ರು."

ಅವನು ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಅಮ್ಮ, ನನಗೆ ಅನುಮಾನ. ಪಾತ್ರೆ ಒಂದು ನೆಪ. ಇವ್ರು ಕೂಡಿಡ್ತಿದ್ದದ್ದು ಬೇರೆ" ಎಂದ.

ನೀರು ನೀಲಿಯಾದದ್ದು ಕೊಳೆಯಲ್ಲ, ಶಾಯಿ.

ಬುಡ ತಟ್ಟಿ ನನ್ನ ಕೈ ತಟ್ಟಿದ್ದು. ಓದು ಎಂದು. ಬೈ ಎಂದು.

ಜೂನ್ 20, ಶುಕ್ರವಾರ

ಕಸದ ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ. ಗೊತ್ತಿದ್ದೂ ಬುಟ್ಟಿಯ ಅಡಿ ನೋಡಿದೆ. ಟಬ್ಬಿನ ಅಡಿ ನೋಡಿದೆ. ಬಚ್ಚಲಿನ ಜಾಲರಿಯನ್ನು ಚಾಕುವಿನಿಂದ ಎಬ್ಬಿಸಿ ನೋಡಿದೆ. ನಾಕನೇ ಇಯತ್ತೆ ಓದಿದವಳು ನಾನು. ಎಂಬತ್ತು ಓದಿದ್ದರೂ ಕನ್ನಡಕ ತೆಗೆದಿಟ್ಟರೆ ಅಷ್ಟೇ.

ಇವರ ಹತ್ತಿರ ಹೋಗಿ "ತಪ್ಪಾಯ್ತು" ಎಂದೆ. ಗೋಡೆಯ ಕಡೆಗೇ ಇದ್ದರು. ಎರಡು ಸಲ ತಟ್ಟಿದರೋ ಒಂದು ಸಲವೋ ಎಂದು ಕೈ ನೋಡುತ್ತಾ ನಿಂತೆ. ತಟ್ಟಲಿಲ್ಲ.

ಜೂನ್ 22, ಭಾನುವಾರ

ಇವರ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಹೊಲಿಯಲು ಗುಂಡಿ ಹುಡುಕುತ್ತಿದ್ದೆ. ಹೊಲಿಗೆ ಯಂತ್ರದ ಮೇಲಿನ ದೋಣಿ ಬಟ್ಟಲಿನಲ್ಲಿ ಕೈಯಾಡಿಸುವಾಗ ಕೈ ಅಲ್ಲೇ ನಿಂತಿತು.

ನಾನು ತೊಳೆದದ್ದು ನಲವತ್ತು. ಇದು ನಲವತ್ತೊಂದನೆಯದು. ಹಿಡಿಕೆ ಮುರಿದ ಮೂತಿ ಬಟ್ಟಲು, ದೋಣಿಯ ಹಾಗಿದೆ. ಬಂದ ದಿನವೇ ನಾನು ಕಸಿದುಕೊಂಡು ಗುಂಡಿ ತುಂಬಿದ್ದೆ. ಮೂವತ್ತು ವರ್ಷವಾಗಿರಬೇಕು. ಬುಡ ನೋಡಿಲ್ಲ. ತಿರುಗಿಸಿದರೆ ಗುಂಡಿ ಚೆಲ್ಲುತ್ತವಲ್ಲ.

ಎಲ್ಲ ಗುಂಡಿಯನ್ನೂ ಮಡಿಲಿಗೆ ಸುರಿದುಕೊಂಡು ತಿರುಗಿಸಿದೆ. ಚೀಟಿ ಇತ್ತು. ಯಾವಾಗಲೋ ನಾನಿಲ್ಲದಾಗ ಗುಂಡಿ ಸುರಿದು ಅಂಟಿಸಿರಬೇಕು. ಇರುವೆ ಸಾಲಿನಂಥ ಇವರ ಅಕ್ಷರ. ಕನ್ನಡಕ ಹಾಕಿಕೊಂಡು ಕೂಡಿಸಿ ಕೂಡಿಸಿ ಓದಿದೆ.

"ಭಾನುವಾರ. ಅಂದಳು: ಹಿಡಿಕೆ ಮುರಿದ ದೋಣಿ. ಇದನ್ನ ಹತ್ತಿ ಯಾವ ಹೊಳೆ ದಾಟ್ತೀರಿ? ಒಬ್ಬರೇ ಹತ್ತಿ, ನಾನು ಬರಲ್ಲ. ಮಧ್ಯಾಹ್ನ ಗುಂಡಿ ತುಂಬಿಕೊಂಡಳು."

ಇವರ ಎಡಗಡೆ ಹೋಗಿ ಕೂತೆ. ಬಡಿಸುವುದು ಯಾವಾಗಲೂ ಎಡಗಡೆಯಿಂದ, ಹೋಟೆಲಿನ ನಿಯಮ. ಬಟ್ಟಲನ್ನು ಇವರ ಎದೆಯ ಮೇಲೆ ಬೋರಲು ಇಟ್ಟೆ. ಇವರು ಸವರಿದರು. ಕಾಗದ ಬೆರಳಿಗೆ ಸಿಕ್ಕಿತು. ತಿರುಗಿ ನನ್ನನ್ನು ನೋಡಿದರು.

ನಾನು ಕೈ ಸೊಂಟಕ್ಕಿಟ್ಟು ಎದ್ದು ನಿಂತು ಬೈದೆ. ಓದಲಿಲ್ಲ, ಬೈದೆ. ಒಳ್ಳೆಯ ದನಿಯಲ್ಲಿ, ಪಕ್ಕದ ಮನೆಗೆ ಕೇಳುವಷ್ಟು.

ಎಡಗೆನ್ನೆ ಮಾತ್ರ ನಕ್ಕಿತು. ಅರ್ಧ ಮುಖದಲ್ಲಿ ಒಬ್ಬರು ಅಷ್ಟು ನಗಬಹುದೆಂದು ನನಗೆ ಗೊತ್ತಿರಲಿಲ್ಲ.

ಮಗಳು ಆಗಲೇ ಬಾಗಿಲಲ್ಲಿದ್ದಳು. "ಅಮ್ಮ, ಏನ್ ಹೇಳಿದ್ದೆ ನಿನಗೆ" ಎಂದು ಓಡಿಬಂದು ಯಂತ್ರ ಹಚ್ಚಿ ಬಿಪಿ ನೋಡಿದಳು. ಏರಿರಲಿಲ್ಲ. ಇಳಿದಿತ್ತು. ಯಂತ್ರ ಕೆಟ್ಟಿರಬೇಕು ಎಂದಳು.

ಜೂನ್ 23, ಸೋಮವಾರ

ದಿನಕ್ಕೊಂದು ಪಾತ್ರೆ ತೆಗೆಯುವುದೆಂದು ಆಗಿದೆ. ನಾನು ನೆನಪು ಮಾಡಿಕೊಂಡು ಬೈಯುತ್ತೇನೆ. ಇವರು ಸರಿಯೋ ತಪ್ಪೋ ತಟ್ಟುತ್ತಾರೆ.

ಇವತ್ತು ಆನೆಯಂಥ ಸೂಪಿನ ಪಾತ್ರೆ. "ಎರಡು ಜನಕ್ಕೆ ಇಪ್ಪತ್ತು ಜನದ ಪಾತ್ರೆ. ಉಳಿದ ಹದಿನೆಂಟು ಜನಾನ ಯಾರ ಮನೆಯಿಂದ ಕರೀತೀರಿ?"

ಒಂದು ಸಲ ತಟ್ಟಿದರು. ತಪ್ಪು.

"ಏನ್ ತಪ್ಪು? ನಾನು ಬೈದದ್ದು ನನಗೆ ಗೊತ್ತಿಲ್ವ?"

ಮತ್ತೆ ಒಂದು. ಅರ್ಧ ಗಂಟೆ ಜಗಳವಾಯಿತು. ಕೊನೆಗೆ ನೆನಪಾಯಿತು. "ಯಾರ ಮನೆಯಿಂದ" ಅಲ್ಲ, "ಯಾವ ಸ್ಮಶಾನದಿಂದ" ಎಂದಿದ್ದೆ. ಎರಡು ಸಲ ತಟ್ಟಿದರು. ಬ್ರೆಡ್ಡಿನ ಎರಡು ತುಂಡು ತಿಂದರು.

ಜೂನ್ 27, ಶುಕ್ರವಾರ

ಮೊಳದುದ್ದದ ಮೀನಿನ ತಟ್ಟೆ. "ಇಷ್ಟುದ್ದ ತಟ್ಟೆಯಲ್ಲಿ ಏನ್ ಬಡಿಸ್ತೀರಿ? ನನ್ನನ್ನೇ ಮಲಗಿಸಿ ಬಡಿಸಿ." ಮೊದಲನೇ ಸಲಕ್ಕೇ ಎರಡು ತಟ್ಟು.

ವ್ಯಾಯಾಮದ ಹುಡುಗಿ ಕೇಳಿ ಕೇಳಿ ನಕ್ಕು, "ಅಜ್ಜಿ, ನೀವಿಬ್ರೂ ದಿನಾ ಹೀಗೇನಾ?" ಎಂದಳು. ಇಲ್ಲಮ್ಮ, ಮೊದಲು ನಾನೊಬ್ಬಳೇ ಆಡುತ್ತಿದ್ದೆ, ಇವರು ಪೇಪರ್ ಓದುತ್ತಾ ಇರುತ್ತಿದ್ದರು ಎಂದೆ. ಕೇಳುತ್ತಿದ್ದರೆಂದು ಯಾರಿಗೆ ಗೊತ್ತಿತ್ತು.

ಇವರ ಎಡಗೈ ಸಹ ತೆಳ್ಳಗಾಗಿದೆ. ಬೆಳಕಿಗೆ ಹಿಡಿದ ಪಿಂಗಾಣಿಯಲ್ಲಿ ಆಚೆಯ ಬೆರಳು ಕಾಣುವ ಹಾಗೆ, ಚರ್ಮದೊಳಗೆ ನರ ಕಾಣುತ್ತವೆ. ಮುಂದಿನ ಪುಟದಲ್ಲಿ ಬರೆದದ್ದು: ಹಾಲು ಅರ್ಧ ಲೋಟ. ಸೂಪು ಇಲ್ಲ.

ಜೂನ್ 30, ಸೋಮವಾರ

ಎಂಟನೆಯದು. ನಡುವೆ ಅಡ್ಡಗೋಡೆ ಇರುವ ಬಟ್ಟಲು. ಪೂರ್ತಿ ಬೈಯುವ ಮೊದಲೇ ನಿದ್ದೆ ಬಂತು ಇವರಿಗೆ. ಎದ್ದ ಮೇಲೆ ಮತ್ತೆ ಮೊದಲಿನಿಂದ ಬೈದೆ.

ಡಾಕ್ಟರು ಬಂದು ಎದೆಗೆ ಕಿವಿಗೊಟ್ಟು, ಹೊರಗೆ ಹೋಗಿ ಮಗಳ ಹತ್ತಿರ ಮಾತಾಡಿದರು. ನನ್ನ ಹತ್ತಿರ ಆಡಲಿಲ್ಲ. ಮಗಳು ಒಳಗೆ ಬಂದು, "ಅಮ್ಮ, ಬೈಕೋ. ಎಷ್ಟು ಬೇಕೋ ಅಷ್ಟು ಬೈಕೋ" ಎಂದಳು.

ಇನ್ನು ಮೂವತ್ತೆರಡಿವೆ. ದಿನಕ್ಕೆರಡು ಮಾಡಲೇ ಎಂದು ಕೇಳಿದೆ. ಒಂದೇ ಸಲ ತಟ್ಟಿದರು. ಆಯಿತು. ಒಂದೇ ಇರಲಿ.

ಜುಲೈ 1, ಮಂಗಳವಾರ

ಚಿನ್ನದ ಅಂಚಿನ ಬಟ್ಟಲು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು." ಎಲ್ಲರೂ ಆಡುವ ಗಾದೆ, ನನ್ನ ಸ್ವಂತದ್ದಲ್ಲ. ಆವತ್ತು ಏನೋ ಸುಸ್ತಾಗಿರಬೇಕು. ಆದರೂ ಎರಡು ತಟ್ಟಿದರು. ತಟ್ಟಿ ಕೈ ತೆಗೆಯಲಿಲ್ಲ, ನನ್ನ ಕೈ ಮೇಲೇ ಇಟ್ಟುಕೊಂಡಿದ್ದರು. ಏನು ಕೆಲಸ ಎಂದು ನಾನು ಕೇಳಲಿಲ್ಲ.

ಜುಲೈ 2, ಬುಧವಾರ

ಹೋದರು. ಬೆಳಿಗ್ಗೆ, ಹಾಲು ಕಾಯುವ ಹೊತ್ತಿಗೆ.

ಒಬ್ಬರೇ ಹತ್ತಿ, ನಾನು ಬರಲ್ಲ ಎಂದಿದ್ದೆ. ನನ್ನ ಒಂದು ಮಾತೂ ಕೇಳದವರು ಇದೊಂದನ್ನು ಕೇಳಿದರು.

ಜುಲೈ 15, ಮಂಗಳವಾರ

ಮುಂದಿನ ಪುಟಗಳಲ್ಲಿ ಬರೆಯಲು ಏನೂ ಇಲ್ಲ. ಗಡಿಯಾರ ನಿಲ್ಲಿಸಿದ್ದೇನೆ.

ಜುಲೈ 17, ಗುರುವಾರ

ಧೂಳಪ್ಪ ಬಂದಿದ್ದ. ಬೀರುವಿನ ಕಡೆ ನೋಡಿ, ನೋಡದವನ ಹಾಗೆ ಮಾಡಿ, "ಅಮ್ಮ, ನಿಮಗೆ ಭಾರ ಆಗೋದಾದ್ರೆ ನಾನು ತಗೊಂಡು ಹೋಗ್ತೀನಿ. ಒಳ್ಳೆ ಮನೆಗಳಿಗೇ ಸೇರಿಸ್ತೀನಿ" ಎಂದ.

"ಕಾಗದ ಕೊಡು" ಎಂದೆ.

"ಯಾವ ಕಾಗದ?"

"ನಿನ್ನ ಅಂಗಡಿಯ ಕಂದು ಕಾಗದ. ನಲವತ್ತು ಚೀಟಿಗೆ ಆಗುವಷ್ಟು."

ಧೂಳಪ್ಪ ಮೂಗು ಒರೆಸಿಕೊಂಡು, "ಅಗಲ ಎಷ್ಟಿರಲಿ?" ಎಂದ. ನನ್ನ ಅಕ್ಷರ ದಪ್ಪ, ಇವರ ಚೀಟಿಗಿಂತ ಎರಡರಷ್ಟು ತಾ ಎಂದೆ.

ಜುಲೈ 27, ಭಾನುವಾರ

ಮೈದಾ ಅಂಟು ಕಾಯಿಸಿಕೊಂಡು ಬೆಳಿಗ್ಗೆಯೇ ಕೂತೆ. ಒಂದೊಂದನ್ನೂ ಉಗುರಿನಿಂದ ಬಡಿದು ಕಿವಿಗೆ ಹಿಡಿದೆ. ನಾನು ಉಜ್ಜಿದ ರಭಸಕ್ಕೆ ಯಾವುದಾದರೂ ಬಿರುಕು ಬಿಟ್ಟಿರಬಹುದೆಂದು ಹೆದರಿಕೆಯಿತ್ತು. ಎಲ್ಲವೂ ಗಂಟೆಯ ಹಾಗೆ ನುಡಿದವು.

ಇವರು ತಟ್ಟಿ ಒಪ್ಪಿದ ಒಂಬತ್ತನ್ನು ಮೊದಲು ಬರೆದೆ. ಆಮೇಲೆ ನನಗೇ ನೆನಪಾದವು ಇಪ್ಪತ್ತು. ಸರಿಯೋ ತಪ್ಪೋ ಹೇಳಲು ಯಾರೂ ಇಲ್ಲ. ತಪ್ಪಿದ್ದರೆ ಬಂದು ಹೇಳಲಿ. ಉಳಿದ ಹನ್ನೊಂದು ಏನು ಮಾಡಿದರೂ ನೆನಪಾಗಲಿಲ್ಲ. ಅವಕ್ಕೆ ಹೊಸದಾಗಿ ಬೈದೆ. ಒಂದೊಂದನ್ನೂ ಮಂಚದ ಎಡಗಡೆ ನಿಂತು ಗಟ್ಟಿಯಾಗಿ ಹೇಳಿ, ಆಮೇಲೆ ಬರೆದೆ. ಕೊನೆಯದರಲ್ಲಿ ಬರೆದದ್ದು: "ಮಾತು ಹೋದಮೇಲೆ ಹೇಳೋಕೆ ಹೊರಟ್ರಿ. ಇದ್ದಾಗ ಬಾಯಲ್ಲಿ ಏನಿಟ್ಕೊಂಡಿದ್ರಿ?"

ದೋಣಿಗೆ ಏನೂ ಬರೆಯಲಿಲ್ಲ. ಅದರಲ್ಲಿ ಇವರ ಅಕ್ಷರವಿದೆ. ಗುಂಡಿಗಳನ್ನು ಡಬ್ಬಿಗೆ ಹಾಕಿದ್ದೇನೆ.

ಮಧ್ಯಾಹ್ನ ಮಗಳು ಬಂದು ಒಳಗೆ ಕಾಲಿಡಲು ಜಾಗವಿಲ್ಲದೆ ಹೊಸ್ತಿಲಲ್ಲೇ ನಿಂತಳು. "ಏನಮ್ಮ ಇದು?" ಎಂದಳು. ಅಂಟು ಒಣಗಲಿ, ತುಳೀಬೇಡ ಎಂದೆ. ನೆಲದ ಮೇಲೆ, ಮೇಜಿನ ಮೇಲೆ, ಇವರ ಮಂಚದ ಮೇಲೆ, ಎಲ್ಲವನ್ನೂ ಬೋರಲು ಹಾಕಿದ್ದೇನೆ. ಬಡಿಸುವವರು ಕೆಲಸ ಮುಗಿಸಿ, ಕೋಟು ಕಳಚಿ, ಮನೆಗೆ ಹೋದ ಮೇಲೆ ಹೋಟೆಲು ಹೀಗೇ ಕಾಣುತ್ತಿತ್ತೇನೋ.